ಬಾಗಿಲಿಗೆ ಫ್ಯಾನು ಕಟ್ಟಿ ಮನೆ ಅಳೆದವರು

ಗಾಳಿ ಆಡದ ಮನೆ ಅಂದ್ರೆ ನಮ್ಮ ಕಡೆ ಬೈಗುಳ. ಆದರೆ ಗಾಳಿ ನುಸುಳದ ಮನೆಗೇ ಸರ್ಟಿಫಿಕೇಟು ಕೊಡುವ ದೇಶಗಳಿವೆ. ಅದರ ಹಿಂದಿನ ಕಥೆ ಸ್ವಾರಸ್ಯವಾಗಿದೆ, ಕೇಳಿ.

1973ರಲ್ಲಿ ಅರಬ್ ದೇಶಗಳು ತೈಲ ಬಿಗಿ ಹಿಡಿದಾಗ ಚಳಿ ದೇಶಗಳಿಗೆ ಮನೆ ಬೆಚ್ಚಗಿಡುವುದೇ ದೊಡ್ಡ ಚಿಂತೆಯಾಯಿತು. ಕೆನಡಾದ ರಿಜೈನಾ ಊರಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಗಿಂತ 30-40 ಡಿಗ್ರಿ ಕೆಳಗಿಳಿಯುವುದುಂಟು. ಅಲ್ಲೇ 1977ರಲ್ಲಿ ಹೆರಾಲ್ಡ್ ಆರ್ ಮತ್ತು ಜತೆಗಾರರು 'ಸಸ್ಕ್ಯಾಚುವಾನ್ ಕನ್ಸರ್ವೇಶನ್ ಹೌಸ್' ಕಟ್ಟಿದರು. ಮನೆ ಕಾಯಿಸುವ ಫರ್ನೇಸೇ ಇಲ್ಲ! ಒಂದಡಿ ದಪ್ಪದ ಗೋಡೆ, ಅದರ ತುಂಬ ಇನ್ಸುಲೇಶನ್, ಸಂದು ಬಿಡದಂತೆ ಹೊದಿಸಿದ ಪ್ಲಾಸ್ಟಿಕ್ ಹಾಳೆ. ಉಸಿರು ಕಟ್ಟುವುದಿಲ್ಲವೇ ಅಂದಿರಾ? ಅದಕ್ಕೊಂದು ಪೆಟ್ಟಿಗೆ. ಹೊರಹೋಗುವ ಬೆಚ್ಚಗಿನ ಗಾಳಿ, ಒಳಬರುವ ತಣ್ಣನೆ ಗಾಳಿ ಎರಡೂ ತೆಳುವಾದ ಹಾಳೆಗಳ ಆಚೀಚೆ ಹರಿಯುತ್ತವೆ. ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಸೂರ್ಯನ ಶಾಖ ಹಿಡಿಯುವ ದುಬಾರಿ ಯಂತ್ರವೂ ಆ ಮನೆಗಿತ್ತು. ಆಮೇಲೆ ಅದನ್ನು ಕಿತ್ತು ಹಾಕಿದರು. ಗೆದ್ದದ್ದು ಗೋಡೆ.

ಆದರೆ ಎಂಜಿನಿಯರು ಕಟ್ಟಿದ ಮನೆ ಒಂದು, ಊರಿನ ಬಿಲ್ಡರು ಕಟ್ಟುವುದು ಇನ್ನೊಂದು. 1982ರಲ್ಲಿ ಕೆನಡಾ ಸರ್ಕಾರ ಬಿಲ್ಡರುಗಳ ಸಂಘದ ಜತೆ ಸೇರಿ 'ಆರ್-2000' ಯೋಜನೆ ಶುರುಮಾಡಿತು. ಬಿಲ್ಡರು ಮೊದಲು ಪಾಠ ಕಲಿಯಬೇಕು, ಲೈಸೆನ್ಸು ಪಡೆಯಬೇಕು. ಇಷ್ಟಾದರೂ ಅವನ ಮಾತು ನಂಬುವಂತಿಲ್ಲ, ಕಟ್ಟಿದ ಒಂದೊಂದು ಮನೆಯನ್ನೂ ಪರೀಕ್ಷಿಸಬೇಕು!

ನನಗೆ ಬಹಳ ಇಷ್ಟವಾದದ್ದು ಈ ಪರೀಕ್ಷೆಯೇ. ಮುಂಬಾಗಿಲಿಗೆ ಬಟ್ಟೆ ಬಿಗಿದು, ಅದರಲ್ಲಿ ದೊಡ್ಡ ಫ್ಯಾನು ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಒಳಗೂ ಹೊರಗೂ ಒತ್ತಡದ ವ್ಯತ್ಯಾಸ 50 ಪ್ಯಾಸ್ಕಲ್ ಆಗುತ್ತಲೇ ಎಲ್ಲ ಸಂದುಗಳಿಂದ ಗಾಳಿ ಒಳನುಗ್ಗುತ್ತದೆ. ಊದುಬತ್ತಿ ಹಿಡಿದರೆ ಸಾಕು, ಸ್ವಿಚ್ ಬೋರ್ಡಿನ ಹಿಂದೆ, ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಕಳ್ಳದಾರಿ ಎಲ್ಲೆಲ್ಲಿದೆ ಅಂತ ಹೊಗೆಯೇ ತೋರಿಸುತ್ತದೆ. ಗಂಟೆಗೆ ನುಗ್ಗುವ ಗಾಳಿ ಮನೆಯ ಒಟ್ಟು ಗಾಳಿಯ ಒಂದೂವರೆ ಪಟ್ಟು ಮೀರಿದರೆ ಫೇಲ್.

ಅಲ್ಲಿ ಮನೆ ಕಟ್ಟಿಸಲು ಹೊರಟ ಗೆಳೆಯನೊಬ್ಬ "ಎಲ್ಲಾ ಬಿಲ್ಡರೂ ಗ್ಯಾಸ್ ಬಿಲ್ ಉಳಿಸ್ತೀವಿ ಅಂತಾರೆ, ಯಾರನ್ನ ನಂಬೋದು ಮಾರಾಯಾ?" ಅಂತ ನನ್ನನ್ನು ಕೇಳಿದ್ದ. ಸಾಲ ಮಾಡಿ ಕಟ್ಟಿಸುವವನ ಸಂಕಟ ಅದು. ಗೋಡೆ ಮುಚ್ಚಿದ ಮೇಲೆ ಒಳಗೇನಿದೆ ಅಂತ ಯಾರು ನೋಡ್ತಾರೆ? ಬ್ರೋಷರು ಪಕ್ಕಕ್ಕಿಡು, ಅವರು ಹಿಂದೆ ಕಟ್ಟಿದ ಮನೆಗಳ ಫ್ಯಾನ್ ಪರೀಕ್ಷೆಯ ಅಂಕಿ ಕೇಳು ಅಂದೆ. ಲೈಸೆನ್ಸು ಬಿಲ್ಡರಿನದು, ಸರ್ಟಿಫಿಕೇಟು ಮನೆಯದು. ಮಾತಿನ ಭರದಲ್ಲಿ ಎರಡನ್ನೂ ಒಂದೇ ಮಾಡಿಬಿಡುವವರು ಬೇಕಾದಷ್ಟಿದ್ದಾರೆ.

ಇಂಥ ಮನೆಗಳ ಅನುಭವ ಅಟ್ಲಾಂಟಿಕ್ ದಾಟಿತು. ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್, ಸ್ವೀಡನ್ನಿನ ಬೋ ಆಡಮ್ಸನ್ ಸೇರಿ ರೂಪಿಸಿದ 'ಪ್ಯಾಸಿವ್ ಹೌಸ್' ಕಲ್ಪನೆಯಂತೆ ಡಾರ್ಮ್‌ಸ್ಟಾಟ್ ಊರಲ್ಲಿ ನಾಲ್ಕು ಸಾಲುಮನೆಗಳು ಎದ್ದವು. ಫೈಸ್ಟ್ 1996ರಲ್ಲಿ ಸ್ಥಾಪಿಸಿದ ಸಂಸ್ಥೆ ಇನ್ನೂ ಬಿಗಿ: ಅದೇ ಫ್ಯಾನ್ ಪರೀಕ್ಷೆಯಲ್ಲಿ 0.6 ಪಟ್ಟು ದಾಟುವಂತಿಲ್ಲ. ಅಂದ ಹಾಗೆ, ಆ ನಾಲ್ಕು ಮನೆಗಳಲ್ಲೊಂದಕ್ಕೆ 1991ರಲ್ಲಿ ಫೈಸ್ಟ್ ಹೆಂಡತಿ ಮಕ್ಕಳ ಸಮೇತ ತಾವೇ ವಾಸಕ್ಕೆ ಹೋದರು.