ರಸೆಲ್‌ನ ಹಾವಿನ ಪುಸ್ತಕ ಮತ್ತು ದೇವನಹಳ್ಳಿ ಸೀಮೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ರಾಗಿ ಹೊಲಗಳಲ್ಲಿ ಜನ ಅಂಜಬೇಕಾದ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಾಗರಹಾವಿಗೆ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ. ಉಳಿದ ಮೂರು ಯುರೋಪಿನ ವಿಜ್ಞಾನಕ್ಕೆ ಸರಿಯಾಗಿ ಪರಿಚಯವಾದದ್ದು ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟಿಷ್ ವೈದ್ಯನಿಂದ. ಕೋರಮಂಡಲ ತೀರದ ಹಾವುಗಳನ್ನು ಕುರಿತ ಅವನ ಗ್ರಂಥ 1796ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಜೀವಾಳ 46 ಚಿತ್ರಫಲಕಗಳು.

ಆ ಕಾಲದ ಪ್ರಾಣಿಚಿತ್ರಗಳನ್ನು ಇಂದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದುಂಟು. ರಸೆಲ್‌ನ ಫಲಕಗಳನ್ನು ಹಾಗೆ ನೋಡಿದರೆ ಅವುಗಳ ಹುಟ್ಟಿನ ಕಾರಣವೇ ಮರೆಯಾಗುತ್ತದೆ. 1781ರಲ್ಲಿ ವಿಶಾಖಪಟ್ಟಣಕ್ಕೆ ಬಂದ ರಸೆಲ್ 1785ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗತಜ್ಞನಾಗಿದ್ದ ಕೋನಿಗ್ ತೀರಿಕೊಂಡ ಮೇಲೆ, ಆ ಹುದ್ದೆಗೆ ಬಂದ. ಅವನನ್ನು ಕಾಡಿದ ಪ್ರಶ್ನೆ ನೇರವಾಗಿತ್ತು: ವಿಷದ ಹಾವನ್ನು ಸಾಧು ಹಾವಿನಿಂದ ಬೇರೆಯಾಗಿ ಗುರುತಿಸುವುದು ಹೇಗೆ? ನಾಯಿ, ಕೋಳಿಗಳ ಮೇಲೆ ವಿಷದ ಪರಿಣಾಮವನ್ನು ಪರೀಕ್ಷಿಸಿದ. ಪಾಷಾಣ ಬೆರೆತ ತಂಜಾವೂರು ಗುಳಿಗೆಗೆ ಆಗ ಹಾವಿನ ಮದ್ದೆಂಬ ಖ್ಯಾತಿಯಿತ್ತು. ಅದನ್ನೂ ಒರೆಗೆ ಹಚ್ಚಿದ. ಚಿತ್ರಗಳು ಈ ವೈದ್ಯಕೀಯ ತುರ್ತಿನ ಫಲ.

ಅವನ ವಿಧಾನ ಇಂದಿಗೂ ಮೆಚ್ಚುವಂಥದ್ದು. ಹೊಟ್ಟೆಯ ಅಡ್ಡಪಟ್ಟೆಗಳೆಷ್ಟು, ಬಾಲದಡಿಯ ಹುರುಪೆಗಳೆಷ್ಟು ಎಂದು ಎಣಿಸಿ ಬರೆದ. ಜನ ಹಾವನ್ನು ಕರೆಯುತ್ತಿದ್ದ ಹೆಸರನ್ನೇ ತಲೆಬರಹ ಮಾಡಿದ. ಹೀಗಾಗಿ ಕೊಳಕುಮಂಡಲ ಅಲ್ಲಿ ‘ಕಟುಕ ರೇಕುಲ ಪೊಡ’, ಗರಗಸಮಂಡಲ ‘ಹೊರಟ್ಟ ಪಾಮ್’. ತೆಲುಗು ಮನೆಮಾತಿನವರು ಬಹಳಷ್ಟಿರುವ ಹೊಸಕೋಟೆ, ದೇವನಹಳ್ಳಿ ಕಡೆಯ ಓದುಗರಿಗೆ ಇವು ಪೂರಾ ಅಪರಿಚಿತ ಎನಿಸಲಾರವು. 1797ರಲ್ಲಿ ಇಂಗ್ಲಿಷ್ ಪ್ರಾಣಿತಜ್ಞ ಜಾರ್ಜ್ ಶಾ ಕೊಳಕುಮಂಡಲಕ್ಕೆ ರಸೆಲ್‌ನ ಹೆಸರನ್ನೇ ಇಟ್ಟ. 1801ರಲ್ಲಿ ಜರ್ಮನಿಯ ಶ್ನೈಡರ್ ಕಟ್ಟುಹಾವು ಮತ್ತು ಗರಗಸಮಂಡಲಗಳಿಗೆ ವೈಜ್ಞಾನಿಕ ಹೆಸರು ಕೊಟ್ಟಾಗ ಆಧಾರವಾಗಿದ್ದುದು ಈ ಪುಸ್ತಕದ ಮೊದಲೆರಡು ಫಲಕಗಳು. ಚಿತ್ರವೇ ಇಲ್ಲಿ ಸಾಕ್ಷ್ಯ.

ಹಾಗಾದರೆ ಮೈಸೂರು ಸೀಮೆ ಈ ಪುಸ್ತಕದ ಅಂಚಿನಲ್ಲೇ ಉಳಿದದ್ದೇಕೆ? ಉತ್ತರ ರಾಜಕೀಯದ್ದು. ರಸೆಲ್ ಭಾರತದಲ್ಲಿದ್ದ 1781–89ರ ಅವಧಿಯಲ್ಲಿ ಇದು ಹೈದರ್, ಆಮೇಲೆ ಟಿಪ್ಪು ಆಳುತ್ತಿದ್ದ ನಾಡು. ಕಂಪನಿಯ ನಿಸರ್ಗತಜ್ಞರು ಇಲ್ಲಿ ನಿರಾತಂಕವಾಗಿ ಓಡಾಡುವಂತಿರಲಿಲ್ಲ. ಗರಗಸಮಂಡಲದ ಮಾದರಿ ದೊರೆತದ್ದು ಇಂದಿನ ತಮಿಳುನಾಡಿನ ಆರಣಿಯಲ್ಲಿ. 1782ರಲ್ಲಿ ಹೈದರ್ ಮತ್ತು ಕಂಪನಿಯ ಸೇನಾನಿ ಐರ್ ಕೂಟ್ ಕಾದಾಡಿದ ಊರದು. ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆ 1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ವಶವಾಯಿತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಈ ಸೀಮೆಯ ಸಮೀಕ್ಷೆಗೆ ಬಂದ ನಿಸರ್ಗತಜ್ಞ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರದ ದಾರಿ ಹಿಡಿದ. ನಿಸರ್ಗಶೋಧನೆ ಸೇನೆಯ ಹಿಂದೆಯೇ ನಡೆದದ್ದನ್ನು ಈ ಇಸವಿಗಳು ಸ್ಪಷ್ಟವಾಗಿ ತೋರಿಸುತ್ತವೆ. ಆ ಕಾಲದ ಪುಸ್ತಕಗಳನ್ನು ಓದುವಾಗ ಇದನ್ನು ಬದಿಗಿಡಲಾಗದು.

ಗುರುತಿನ ಸಮಸ್ಯೆ ಮಾತ್ರ ಇನ್ನೂ ಬಗೆಹರಿದಿಲ್ಲ. ಕೊಳಕುಮಂಡಲದ ಬೆನ್ನಿನುದ್ದಕ್ಕೂ ಕಪ್ಪು ಅಂಚಿನ ಕಂದು ಮಚ್ಚೆಗಳ ಮೂರು ಸಾಲು ಸರಪಳಿಯಂತೆ ಸಾಗುತ್ತವೆ. ಹೆಬ್ಬಾವಿನ ಮರಿಯೆಂದೋ ಮಣ್ಣುಮುಕ್ಕವೆಂದೋ ತಿಳಿದು ಅದನ್ನು ಮುಟ್ಟಲು ಹೋಗಿ ಕಚ್ಚಿಸಿಕೊಳ್ಳುವವರಿದ್ದಾರೆ. ಕಟ್ಟುಹಾವಿನ ಬೆನ್ನ ನಡುಸಾಲಿನ ಹುರುಪೆಗಳು ದೊಡ್ಡವು, ಷಟ್ಕೋನಾಕಾರದವು. ನೋಡಲು ಅದರಂತೆಯೇ ಇರುವ, ವಿಷವಿಲ್ಲದ ತೋಳಹಾವಿಗೆ ಇವಿಲ್ಲ. ಇಂಥ ವ್ಯತ್ಯಾಸವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಒಳ್ಳೆಯ ಚಿತ್ರಕ್ಕೆ ಸಾಟಿಯಿಲ್ಲ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಅದರ ಜೊತೆಗೆ ನಮ್ಮ ವಿಶ್ವವಿದ್ಯಾಲಯಗಳು ಮಾಡಬಹುದಾದ ಕೆಲಸವೊಂದಿದೆ. ರಸೆಲ್‌ನ ಗ್ರಂಥ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಲಭ್ಯವಿದೆ. ಅದರ ಫಲಕಗಳಿಗೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಹೆಸರುಗಳನ್ನೂ ಇಂದಿನ ಹಾವುತಜ್ಞರ ಟಿಪ್ಪಣಿಗಳನ್ನೂ ಸೇರಿಸಿ ಕನ್ನಡ ಆವೃತ್ತಿಯೊಂದನ್ನು ತರಲಿ. ಅದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ತಲುಪಲಿ.