ಸವೆದ ಉಕ್ಕಿನ ಮಿತಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳ ಬೇಸಾಯದ ಚರಿತ್ರೆಯೆಂದರೆ ನೀರನ್ನು ಅರಸಿದ ಚರಿತ್ರೆ. ನೆಲದೊಳಗಿನಿಂದ ತಾನಾಗಿ ಒಸರುವ ನೀರನ್ನು ಕಾಲುವೆ ತೋಡಿ ಗದ್ದೆಗೆ ಹಾಯಿಸುತ್ತಿದ್ದ ತಲಪರಿಗೆಗಳು ಇಲ್ಲಿನ ಹಿರಿಯರ ವಿವೇಕಕ್ಕೆ ಸಾಕ್ಷಿ. ತಲಪರಿಗೆ ಸಾಲದಾದಲ್ಲಿ ಬಾವಿ ಬಂತು, ಬಾವಿಗೆ ಕಪಿಲೆ ಬಂತು. ಕಪಿಲೆಯ ಎತ್ತುಗಳು ಸೋತಾಗ ಡೀಸೆಲ್ ಎಂಜಿನ್ನು ಬಂತು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಉದ್ಯಮ ತೊಡಗಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನಿನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಇಂಥ ಸ್ವದೇಶಿ ಎಂಜಿನ್ನುಗಳು ಕ್ರಮೇಣ ನಮ್ಮ ಹಳ್ಳಿಗಳ ಬಾವಿದಂಡೆಯನ್ನೂ ಮುಟ್ಟಿದವು.

1973ರ ಬೇಸಿಗೆ. ನಾನಿನ್ನೂ ಹೈಸ್ಕೂಲಿನ ಹುಡುಗ. ಮಧುಗಿರಿ ಸೀಮೆಯ ನಮ್ಮ ತೋಟದ ಎಂಜಿನ್ನು ಒಳಗಿನಿಂದ ಕುಟ್ಟತೊಡಗಿತು. ಬಿಚ್ಚಿ ನೋಡಿದರೆ ಕ್ರ್ಯಾಂಕ್‌ಶಾಫ್ಟಿನ ಪಿನ್ನು ಸವೆದಿತ್ತು. ಪಿಸ್ಟನ್ನಿನ ಏರಿಳಿತವನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವ ಬಾಗಿದ ಉಕ್ಕಿನ ದಂಡವೇ ಈ ಕ್ರ್ಯಾಂಕು. ಅದರ ಪಿನ್ನು ಸುತ್ತೆಲ್ಲ ಸಮನಾಗಿ ಸವೆಯುವುದಿಲ್ಲ. ಹೊಡೆತ ಬೀಳುವ ಮಗ್ಗುಲು ಹೆಚ್ಚು ಸವೆದು ಮೊಟ್ಟೆಯಾಕಾರ ತಾಳುತ್ತದೆ. ತಂದೆಯವರು ಅದನ್ನು ಗೋಣಿಯಲ್ಲಿ ಸುತ್ತಿ, ನನ್ನನ್ನೂ ಜೊತೆಗೆ ಕರೆದುಕೊಂಡು, ಕೊರಟಗೆರೆಯ ಮೇಲೆ ಹಾಯುವ ಬಸ್ಸಿನಲ್ಲಿ ತುಮಕೂರಿಗೆ ಹೊರಟರು. ಗದ್ದೆಯಲ್ಲಿ ತೆನೆಕಟ್ಟುವ ಭತ್ತವಿತ್ತು.

ಗ್ರೈಂಡಿಂಗ್ ಮಾಡುವ ವೃದ್ಧ ಸಾಬರು ಮೈಕ್ರೋಮೀಟರಿನಿಂದ ಪಿನ್ನನ್ನು ನಾಲ್ಕಾರು ಕಡೆ ಅಳೆದರು. ಬೇರಿಂಗುಗಳು ದೊರೆಯುತ್ತಿದ್ದುದು ಗೊತ್ತಾದ ಅಳತೆಗಳಲ್ಲಿ: ಅಂಗುಲದ ಸಾವಿರ ಭಾಗದಲ್ಲಿ 10, 20, 30, 40 ಭಾಗ ಕಿರಿದಾಗಿ. ಹತ್ತಕ್ಕೆ ಉಜ್ಜಿದರೆ ಸಾಕೆಂದು ಅವರ ಲೆಕ್ಕ.

“ಸಾಬ್ರೇ, ಒಂದೇ ಸಲಕ್ಕೆ ಇಪ್ಪತ್ತು ತೆಗೆದುಬಿಡಿ, ನಯವಾಗಲಿ” ಎಂದರು ತಂದೆ.

“ತೆಗೆದದ್ದನ್ನ ಮತ್ತೆ ಅಂಟಿಸೋಕಾಗಲ್ಲ ಯಜಮಾನ್ರೇ.”

ಮುಂದೆ ಓಲೆಗರಿಯ ಪಾಠ ಪರಿಷ್ಕರಣವನ್ನು ವಿದ್ಯಾರ್ಥಿಗಳಿಗೆ ಬೋಧಿಸುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತಿತ್ತು. ದೋಷ ಕಳೆಯುವಷ್ಟು ತಿದ್ದಬೇಕು, ಅದಕ್ಕಿಂತ ಹೆಚ್ಚು ತಿದ್ದಬಾರದು. ಪಿನ್ನಿನಲ್ಲಿ ಡೊಂಕು ಉಳಿದರೆ ಬೇರಿಂಗು ಸುಡುತ್ತದೆ. ಹೆಚ್ಚು ಉಜ್ಜಿದರೆ ಮುಂದಿನ ದುರಸ್ತಿಗೆ ಲೋಹವೇ ಉಳಿಯುವುದಿಲ್ಲ. ದಂಡದ ಬಲ ಅದರ ವ್ಯಾಸದ ಘನಕ್ಕೆ ಅನುಗುಣ. ಎರಡಂಗುಲದ ಪಿನ್ನಿನಿಂದ 40 ಭಾಗ ಕಳೆದರೆ ಗಾತ್ರ ಕುಗ್ಗುವುದು ನೂರಕ್ಕೆ ಎರಡರಷ್ಟು. ಬಲ ಕುಗ್ಗುವುದು ಸುಮಾರು ಆರರಷ್ಟು. ಮೇಲ್ಮೈ ಗಡುಸುಗೊಳಿಸಿದ ದಂಡವಾದರೆ ಆ ಗಡುಸು ಪದರವೂ ತೆಳುವಾಗುತ್ತದೆ.

ಹತ್ತಕ್ಕೆ ಉಜ್ಜಿದ ಮೇಲೂ ಪಿನ್ನು ಭುಜವನ್ನು ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಗೆರೆಯೊಂದು ಉಳಿಯಿತು. ಅದು ಗೀರಾದರೆ ಇನ್ನಷ್ಟು ಉಜ್ಜಬಹುದು, ಬಿರುಕಾದರೆ? ಸಾಬರು ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದರು. ಬಿಳಿಯ ಪುಡಿಯ ಮೇಲೆ ಒದ್ದೆಯ ಗೆರೆ ಮೆಲ್ಲಗೆ ಮೂಡಿತು.

“ಇಪ್ಪತ್ತಕ್ಕೆ ಇಳಿಸಿದರೆ ಹೋದೀತೇನೋ” ಎಂದರು ತಂದೆ. ಅವರ ದನಿಯಲ್ಲಿ ಭತ್ತದ ಚಿಂತೆಯಿತ್ತು.

“ಕಣ್ಣಿಗೆ ಕಾಣೋದು ಹೋದೀತು. ಇದನ್ನ ನಾನು ಮುಟ್ಟಲ್ಲ.” ಕೂಲಿಯನ್ನೂ ಅವರು ಕೈಯೊಡ್ಡಿ ತೆಗೆದುಕೊಳ್ಳಲಿಲ್ಲ.

ಆ ಹಠದ ಹಿಂದಿನ ಇತಿಹಾಸ ನನಗೆ ತಿಳಿದದ್ದು ಎಷ್ಟೋ ವರ್ಷಗಳ ತರುವಾಯ, ಕಾಲೇಜಿನ ಗ್ರಂಥಾಲಯದಲ್ಲಿ. 1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಹಠಾತ್ತನೆ ಮುರಿದು, ಬೆಂಕಿ ಹೊತ್ತಿ, ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಮರುವರ್ಷ ಸ್ಕಾಟ್ಲೆಂಡಿನ ತರುಣ ರ‍್ಯಾಂಕಿನ್, ಅಚ್ಚುಗಳು ಮುರಿಯುವುದು ಚೂಪಾದ ಮೂಲೆಯಲ್ಲೆಂದೂ ಆ ಮೂಲೆಯನ್ನು ದುಂಡಗಿಡಬೇಕೆಂದೂ ವಾದಿಸಿದನು. ಮುಂದೆ ಪ್ರಷ್ಯದ ರೈಲ್ವೆಯ ಎಂಜಿನಿಯರ್ ವೋಲರ್, ಒಮ್ಮೆಗೆ ಮುರಿಯಲಾರದ ಭಾರವೂ ಮತ್ತೆ ಮತ್ತೆ ಎರಗಿದರೆ ಉಕ್ಕನ್ನು ಮುರಿಯಬಲ್ಲುದೆಂಬುದನ್ನು ವರ್ಷಗಟ್ಟಲೆಯ ಪ್ರಯೋಗಗಳಿಂದ ತೋರಿಸಿದನು. ನಿಮಿಷಕ್ಕೆ 1,500 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿನ್ನು ಹತ್ತು ಗಂಟೆಯಲ್ಲಿ ನಾಲ್ಕೂವರೆ ಲಕ್ಷ ಸಲ ಉರಿಯ ಒತ್ತಡವನ್ನು ತಾಳಬೇಕು. ಕೂದಲೆಳೆಯ ಬಿರುಕಿಗೆ ಅಷ್ಟು ಧಾರಾಳವಾಗಿ ಸಾಕು. ಸಾಬರು ಈ ಯಾವ ಹೆಸರನ್ನೂ ಕೇಳಿದವರಲ್ಲ. ಆದರೆ ಆ ಜ್ಞಾನ ಕೈಯಿಂದ ಕೈಗೆ ಹಾದು ಅವರ ಬೆರಳಿಗೆ ಬಂದಿತ್ತು.

ಸಾಲ ಮಾಡಿ ಹೊಸ ಕ್ರ್ಯಾಂಕು ತರುವಷ್ಟರಲ್ಲಿ ಅರ್ಧ ಗದ್ದೆ ಒಣಗಿತು. ತಂದೆಯವರು ಸಾಬರನ್ನು ಒಮ್ಮೆಯೂ ದೂರಲಿಲ್ಲ.

ಇಂದು ನಮ್ಮ ಬಾವಿದಂಡೆಯಲ್ಲಿ ಎಂಜಿನ್ನಿನ ಸದ್ದಿಲ್ಲ. ವಿದ್ಯುತ್ತು ಬಂತು, ಕೊಳವೆಬಾವಿ ಬಂತು; ನೂರಡಿ ಸಾಲದೆ ಐನೂರಕ್ಕೆ, ಐನೂರು ಸಾಲದೆ ಸಾವಿರಕ್ಕೆ ಇಳಿದೆವು. ಎಷ್ಟೋ ತಲಪರಿಗೆಗಳ ಒಸರು ನಿಂತಿತು. ತುಂಡು ಉಕ್ಕನ್ನು ಎಷ್ಟರವರೆಗೆ ಉಜ್ಜಬಹುದೆಂದು ಅಳೆದು ನೋಡಿ, ಇನ್ನು ಮುಟ್ಟಲಾರೆನೆಂದು ಹೇಳುವವರೊಬ್ಬರು ಅಂದು ನಮಗಿದ್ದರು. ನೆಲದ ಪಾಲಿಗೆ ಹಾಗೆ ಹೇಳುವವರು ಇರಲಿಲ್ಲವೋ, ಇದ್ದರೂ ನಾವು ಕೇಳಲಿಲ್ಲವೋ!

(ಬಾನುಲಿ ಭಾಷಣ)