ಗಾಳಿಯಂತ್ರದ ಗಾಜಿನ ರೆಕ್ಕೆ

ಸಿರಾ ದಾಟಿ ಜವನಗೊಂಡನಹಳ್ಳಿ, ಹಿರಿಯೂರು, ಚಿತ್ರದುರ್ಗ ಅಂತ ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಈ ಸೀಮೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ಗೊತ್ತು. ಆ ಬಿಳಿ ರೆಕ್ಕೆಗಳನ್ನು ಯಾವುದರಿಂದ ಮಾಡಿದ್ದಾರೆ? ಅಲ್ಯೂಮಿನಿಯಂ ಅಂದುಕೊಂಡಿದ್ದರೆ ತಪ್ಪು. ಅದು ಗಾಜು ಸ್ವಾಮಿ! ಗಾಜಿನ ಎಳೆಗಳ ಬಟ್ಟೆಗೆ ರೆಸಿನ್ ಕುಡಿಸಿ ಗಟ್ಟಿ ಮಾಡಿದ ಫೈಬರ್‌ಗ್ಲಾಸ್.

ಮೊದಲು ಹೀಗಿರಲಿಲ್ಲ. 1941ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ನಿಲ್ಲಿಸಿದ ದೊಡ್ಡ ಗಾಳಿಯಂತ್ರಕ್ಕೆ ಉಕ್ಕಿನ ರೆಕ್ಕೆಗಳಿದ್ದವು. 1945ರಲ್ಲಿ ಒಂದು ಮುರಿದು ಬಿತ್ತು, ಕಥೆ ಅಲ್ಲಿಗೇ ಮುಗಿಯಿತು. ಗಾಜಿನ ಎಳೆ 1930ರ ದಶಕದಲ್ಲಿ ಶಾಖ ತಡೆಯುವ ಉಣ್ಣೆಯಾಗಿ ಬಂದು, ರೆಸಿನ್ ಜೊತೆ ಸೇರಿ ದೋಣಿಯಾಯಿತು, 1953ರಲ್ಲಿ ಕಾರ್ವೆಟ್ ಕಾರಿನ ಮೈಯಾಯಿತು. 1978ರಲ್ಲಿ ಡೆನ್ಮಾರ್ಕಿನ ಟ್ವಿಂಡ್ ಎಂಬಲ್ಲಿ ಶಾಲೆಯ ಮೇಷ್ಟ್ರುಗಳು, ಸ್ವಯಂಸೇವಕರು ಸೇರಿ 54 ಮೀಟರ್ ವ್ಯಾಸದ ಗಾಳಿಯಂತ್ರ ಕಟ್ಟಿದರು. ರೆಕ್ಕೆಗಳು ಫೈಬರ್‌ಗ್ಲಾಸಿನವು.

ಹಾಗಾದ್ರೆ ಕಾರ್ಬನ್ ಫೈಬರ್ ಯಾಕಲ್ಲ? ಅದು ಗಾಜಿನ ಎಳೆಗಿಂತ ಹಗುರ, ಬಾಗದೆ ನಿಲ್ಲುವುದರಲ್ಲಿ ಸುಮಾರು ಮೂರು ಪಟ್ಟು ಮೇಲು. ಆದ್ರೆ ಬೆಲೆ ಹಲವು ಪಟ್ಟು, ಜೊತೆಗೆ ಪೆಟ್ಟು ಬಿದ್ದರೆ ಸೂಚನೆ ಕೊಡದೆ ಮುರಿಯುವ ಗುಣ. ರೋಲ್ಸ್ ರಾಯ್ಸ್ ತನ್ನ ಆರ್‌ಬಿ211 ಎಂಜಿನ್‌ಗೆ ಕಾರ್ಬನ್ ಫೈಬರಿನ ಫ್ಯಾನ್ ಬ್ಲೇಡ್ ಮಾಡಲು ಹೋಯಿತು. ಹಕ್ಕಿ ಬಡಿದರೆ ತಡೆಯುತ್ತದಾ ಅನ್ನುವ ಪರೀಕ್ಷೆಯಲ್ಲಿ ಅವು ಪುಡಿಯಾದವು, ಟೈಟಾನಿಯಂಗೆ ಮರಳಬೇಕಾಯಿತು. 1971ರಲ್ಲಿ ಕಂಪನಿ ದಿವಾಳಿಯಾಗಲು ಆ ಎಂಜಿನ್ನಿನ ಖರ್ಚೇ ಮುಖ್ಯ ಕಾರಣ.

ನಮ್ಮ ಬೆಂಗಳೂರಿನ ತೇಜಸ್ ನೋಡಿ. 2001ರ ಜನವರಿ 4ರಂದು ಮೊದಲ ಸಲ ಹಾರಿದ ಈ ವಿಮಾನದ ಹೊರಮೈ ಬಹುಪಾಲು ಕಾರ್ಬನ್ನೇ. ಆದ್ರೆ ರೇಡಾರ್ ಕೂತಿರುವ ಮೂತಿಗೆ ಮಾತ್ರ ಕಾರ್ಬನ್ ಇಲ್ಲ. ಅದು ವಿದ್ಯುತ್ ಹರಿಸುತ್ತದೆ, ರೇಡಾರ್ ಅಲೆಗಳನ್ನು ತಡೆಯುತ್ತದೆ. ಅದಕ್ಕೇ ಅಲ್ಲಿ ಮೊದಲು ಕೆವ್ಲಾರ್, ಆಮೇಲೆ ಕ್ವಾರ್ಟ್ಸ್.

ಈಗಿನ ಉದ್ದುದ್ದ ಗಾಳಿಯಂತ್ರದ ರೆಕ್ಕೆಗಳಲ್ಲಿ ಕೆಲವಕ್ಕೆ ಕಾರ್ಬನ್ ಹಾಕುತ್ತಾರೆ. ಬಾಗಿ ಕಂಬಕ್ಕೆ ಬಡಿಯಬಾರದು ಅಂತ ಒಳಗಿನ ಬೆನ್ನೆಲುಬಿಗೆ ಅಷ್ಟೇ. ಹೊರಗೆ ಕಾಣೋದೇ ಇಲ್ಲ! ನಮ್ಮ ಬೈಕ್ ಹುಡುಗರದ್ದು ಇದಕ್ಕೆ ಪೂರಾ ಉಲ್ಟಾ. ಒಳಗೆಲ್ಲ ಗಾಜು, ಮೇಲೊಂದು ಪದರ ಕಪ್ಪು ಕಾರ್ಬನ್ ನೇಯ್ಗೆ, ಅದರ ಮೇಲೆ ಪಾರದರ್ಶಕ ವಾರ್ನಿಷ್. ಮಡ್‌ಗಾರ್ಡಿಗೆ ಅಷ್ಟು ಸಾಕು, ತಪ್ಪೇನಿಲ್ಲ. ಆದ್ರೆ ಆ ಹೊಳಪು ನೋಡಿ, ಭಾರ ಹೊರುವ ಹ್ಯಾಂಡಲ್, ಫುಟ್‌ರೆಸ್ಟ್ ಅಂಥದ್ದನ್ನು ನಂಬಿ ಕೊಳ್ಳಬೇಡಿ.

ಮನೆಯಲ್ಲೇ ಮಾಡಿ ನೋಡುವವರಿಗೆ ಇನ್ನೆರಡು ಮಾತು. ಪಾಲಿಯೆಸ್ಟರ್ ರೆಸಿನ್ ಅಗ್ಗ, ವಾಸನೆ ಜಾಸ್ತಿ. ಎಪಾಕ್ಸಿ ದುಬಾರಿ, ಹಿಡಿತ ಗಟ್ಟಿ, ಬಿಸಿಲಿಗೆ ಹಳದಿಯಾಗುತ್ತದೆ. ತುಂಡು ಎಳೆಗಳ ಮ್ಯಾಟ್ ಸಾಮಾನ್ಯವಾಗಿ ಪಾಲಿಯೆಸ್ಟರ್‌ಗೇ ಸರಿ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಆ ರೆಸಿನ್ನಿನ ಸ್ಟೈರೀನ್‌ನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಎಪಾಕ್ಸಿ ಬಳಸುವುದಾದರೆ ನೇಯ್ದ ಬಟ್ಟೆಯೇ ವಾಸಿ.

ನನ್ನನ್ನು ಕಾಡುವುದು ಇನ್ನೊಂದಿದೆ. ಗಾಳಿಯಂತ್ರಗಳ ಆಯಸ್ಸು ಸುಮಾರು 20-25 ವರ್ಷ. ದುರ್ಗದ ಸೀಮೆಯ ಹಳೆಯ ಯಂತ್ರಗಳಿಗೆ ಆ ವಯಸ್ಸು ಬಂತು. ಉಕ್ಕಿನ ಕಂಬ ಗುಜರಿಗೆ ಹೋಗಿ ಕರಗುತ್ತದೆ. ಒಮ್ಮೆ ಗಟ್ಟಿಯಾದ ಈ ರೆಸಿನ್ ಮತ್ತೆ ಕರಗುವುದಿಲ್ಲ. ವಸ್ತು ಆರಿಸುವಾಗ ಬೆಲೆ, ತೂಕ, ಅಂದ ಎಲ್ಲ ಲೆಕ್ಕ ಹಾಕಿದೆವು. ಈ ರೆಕ್ಕೆಗಳನ್ನು ಇಳಿಸಿದ ಮೇಲೆ ಯಾರ ಹೊಲದ ಪಕ್ಕ ಹಾಕೋದು ಅನ್ನುವ ಲೆಕ್ಕ ಮಾತ್ರ ಬಾಕಿ ಇದೆ.